ಬಡಿದು ಕೂರಿಸಿದ ಸಳಿಗಳು

ರಾಮಲಿಂಗನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ್ದು. ಶಹಾಬಾದ್ ಕಡೆಯ ಒಂದು ಫರಸಿಕಲ್ಲಿನ ಖಣಿಯಲ್ಲಿ ಹೋದವು. ಕಲ್ಲಿನ ಸಂದಿಗೆ ಸಾಲಾಗಿ ಕಬ್ಬಿಣದ ಬೆಣೆ ಹೊಡೆದು ಪದರ ಎಬ್ಬಿಸುವ ಕೆಲಸ ಅವನದು. ಒಂದು ಬೆಣೆ ಸಡಿಲಾಗಿ ಹೊರಗೆ ಬಂದಿತ್ತು. ಅವನು ನೋಡಿದ್ದ. ಬೀಡಿ ಸೇದಿ ಆಮೇಲೆ ಬಡಿದರಾಯಿತು ಅಂದುಕೊಂಡ. ಬೀಡಿ ಮುಗಿಯುವ ಮೊದಲೇ ಬೆಣೆ ಚಿಮ್ಮಿತು, ಎದ್ದಿದ್ದ ಪದರ ಕೂತಿತು, ಕೆಳಗೆ ಅವನ ಕೈ ಇತ್ತು. ಆಳುಗಳ ಮೇಲಿನ ಮುಕಾದಮ ಓಡಿ ಬಂದವನು ಮೊದಲು ಕಪಾಳಕ್ಕೆ ಬಾರಿಸಿದ, ಆಮೇಲೆ ರುಮಾಲು ಹರಿದು ಕೈ ಕಟ್ಟಿದ. ಸಡಿಲಾದ ಬೆಣೆ ಬಡಿಯದೆ ಕೂತವನು ಸಾಯುತ್ತಾನೆ, ನೀನು ಬೆರಳಿನಲ್ಲಿ ಪಾರಾದೆ ಅಂದ.

ಅದು ಆಗಿ ಎಷ್ಟೋ ವರ್ಷವಾದರೂ ಸಡಿಲಾದ ಯಾವುದನ್ನೂ ರಾಮಲಿಂಗ ನೋಡಿ ಸುಮ್ಮನಿರಲಾರ. ಮಂಚದ ಕಾಲು, ಗುದ್ದಲಿಯ ಕಾವು, ಬಾಗಿಲ ಅಗುಳಿ. ಹಾದಿಯಲ್ಲಿ ಯಾರದೋ ಎಮ್ಮೆಯ ಗೂಟ ಅಲುಗುತ್ತಿದ್ದರೆ ಒಂದು ಕಲ್ಲು ಹುಡುಕಿ ಬಡಿದೇ ಮುಂದೆ ಹೋಗುವವನು. ಹೆಂಡತಿ ತುಳಜಾಬಾಯಿ ಮಂದಿಯ ಮುಂದೆಯೇ ಆಡಿಕೊಳ್ಳುತ್ತಿದ್ದಳು: "ನಾಳಿಗಿ ನಿನ್ನ ಹೆಣ ಎತ್ತುವಾಗ, ಚಟ್ಟದ ಗಳ ಅಳಗ್ಯಾಡ್ಲಿಕತ್ತದ ಅಂತ ಎದ್ದು ಕುಂದ್ರ್ತಿ ನೋಡು."

ಖಣಿ ಬಿಟ್ಟು ಅವನು ಹೊಳೆದಂಡೆಯ ತನ್ನ ಊರಿಗೇ ಬಂದ. ಸೇಡಂ ದಾಟಿದ ಕಾಗಿಣಾ ಹೊಳೆ ಚಿತ್ತಾಪುರದ ಕಡೆ ಹೊರಳುವ ಹಾದಿಯಲ್ಲಿ ಆ ಊರಿದೆ. ಊರ ಕೆಳಗೆ ಹೊಳೆ ಕುಡುಗೋಲಿನ ಹಾಗೆ ಬಾಗುತ್ತದೆ. ಬಾಗಿನ ಹೊರಮಗ್ಗುಲಿಗೆ ಎರಡಾಳೆತ್ತರದ ದಂಡೆ. ಮೇಲೆ ಎರೆಮಣ್ಣು, ಅದರ ಕೆಳಗೆ ಉಸುಕು. ಆ ದಂಡೆಯ ಬುಡದಲ್ಲಿ ರಾಮಲಿಂಗನ ಒಬ್ಬನೇ ಮಗ ಕಪಿಲ ಸಲಿಕೆ ಹಿಡಿದು ಉಸುಕು ತೋಡುತ್ತಿದ್ದ.

ಉಸುಕಿನ ದಂಧೆ ಬೀರೇಶನದು. ಪರವಾನಗಿ ಅವನ ಹತ್ತಿರ ಇರಲಿಲ್ಲ. ಟ್ರ್ಯಾಕ್ಟರುಗಳಿದ್ದವು, ಒಂದು ಜೆಸಿಬಿ ಇತ್ತು, ಹೇಳಿದಲ್ಲಿ ಹೊಡೆಯುವ ಹುಡುಗರಿದ್ದರು. ನಡುಹೊಳೆಯ ಉಸುಕು ಯಾವಾಗಲೋ ಮುಗಿದಿತ್ತು. ಈಗ ಅವನ ಆಳುಗಳು ದಂಡೆಯ ಬುಡಕ್ಕೇ ಕೈ ಹಾಕಿ, ಹೆಗ್ಗಣ ಗೋಡೆ ತೋಡಿದ ಹಾಗೆ ಒಳಗೊಳಗೆ ತೋಡುತ್ತಿದ್ದರು. ಮೇಲಿನ ಎರೆಮಣ್ಣು ಸೂರಿನಂತೆ ಅವರ ತಲೆಯ ಮೇಲೆ ಚಾಚಿಕೊಂಡಿರುತ್ತಿತ್ತು. ಖಣಿಯಲ್ಲಿ ಅಂಥ ಚಾಚಿನ ಕೆಳಗೆ ನಿಂತವರು ಏನಾದರೆಂದು ರಾಮಲಿಂಗ ಕಂಡಿದ್ದ. ಒಬ್ಬನನ್ನು ಅವನೇ ಸಬ್ಬಲಿನಿಂದ ಮೀಟಿ ಹೊರಗೆ ತೆಗೆದಿದ್ದ. ತಲೆ ಇರಬೇಕಾದ ಕಡೆ ತಲೆ ಇರಲಿಲ್ಲ.

ಮಗನಿಗೆ ಹೇಳಿದ, ಬೈದ, ಒಂದು ದಿನ ಹೊಡೆದ. ಕಪಿಲ ಅಪ್ಪನ ಕೈ ಹಿಡಿದು ತಿರುವಿದ, ಆ ಮೂರು ಬೆರಳಿನ ಕೈಯನ್ನೇ. ಬೇರೆ ಕೆಲಸ ಎಲ್ಲಿದೆ ತೋರಿಸು ಅಂದ. ಸಿಮೆಂಟ್ ಫ್ಯಾಕ್ಟರಿಗಳ ಗೇಟಿನ ಮುಂದೆ ನಿಂತು ನಿಂತು ವಾಪಸು ಬಂದವನು ಅವನು. ಅಂದಿನಿಂದ ರಾಮಲಿಂಗನಿಗೆ ಉಳಿದದ್ದು ಒಂದೇ ಚಿಂತೆ, ಆ ದಂಡೆಯ ಕೆಳಗಿಂದ ಮಗನನ್ನು ಹೊರಗೆ ಎಳೆಯುವುದು.

ಅದಕ್ಕೊಂದು ದಾರಿ ತೋರಿಸಿದವಳು ಲುಂಬಿನಿ. ಚಿಂಚೋಳಿ ತಾಲೂಕಿನ ಐನಾಪುರದವಳು, ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಜೀಪಿನಿಂದ ಇಳಿದು ದಂಡೆಯುದ್ದಕ್ಕೂ ಓಡಾಡಿದಳು. ಊರವರು ಕೇಳಿದ್ದಕ್ಕೆ ನಿಂತು ವಿವರಿಸಿದಳು. ಮಳೆಗಾಲ ಬಂತೆಂದರೆ ಇದೇ ಹೊಳೆಯ ನೀರು ಕುಡಿಯುವ ಕೆಳಗಿನ ಶಹರದ ನಲ್ಲಿಗಳಲ್ಲಿ ರಾಡಿ ಬರುತ್ತದೆ, ನೀರು ಸೋಸುವ ತೊಟ್ಟಿಗಳು ಕೆಸರಿನಿಂದ ಕಟ್ಟಿಕೊಳ್ಳುತ್ತವೆ, ಮಕ್ಕಳು ವಾಂತಿಭೇದಿ ಹಿಡಿದು ಮಲಗುತ್ತವೆ. ಆ ರಾಡಿ ಮೇಲಿನ ಹೊಲಗಳಿಂದ ಬರುತ್ತದೋ, ಹೊಳೆ ತನ್ನ ದಂಡೆ ತಿಂದು ತರುತ್ತದೋ, ಯಾವ ಬಾಗಿನಿಂದ ಎಷ್ಟು, ಇದನ್ನೆಲ್ಲ ಅಳೆದು ಕಂಪ್ಯೂಟರಿಗೆ ಹಾಕಿದರೆ ಅದರೊಳಗೆ ಹೊಳೆಯದೇ ಒಂದು ಮಾದರಿ ತಯಾರಾಗುತ್ತದೆ. ಮುಂದಿನ ನೆರೆಗೆ ಯಾವ ದಂಡೆ ಬೀಳುತ್ತದೆ ಅಂತ ಅದು ಮೊದಲೇ ಹೇಳುತ್ತದೆ. ಅದು ಬೊಟ್ಟು ಮಾಡಿದ ದಂಡೆಗೆ ಸರಕಾರದವರು ಕಲ್ಲು ಕಟ್ಟುತ್ತಾರೆ, ಅಲ್ಲಿ ಯಾರೂ ಸಲಿಕೆ ಹಾಕದಂತೆ ಪೊಲೀಸರನ್ನು ನಿಲ್ಲಿಸುತ್ತಾರೆ.

ಕೊನೆಯ ಮಾತು ಮಾತ್ರ ರಾಮಲಿಂಗನ ಕಿವಿಯಲ್ಲಿ ಉಳಿಯಿತು. ದಂಡೆಗೆ ಹೂಡುವ ಸಾಮಾನಿನ ಕಾವಲಿಗೆ ಒಬ್ಬರು ಬೇಕು ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

ಬಾಗಿನುದ್ದಕ್ಕೂ ದಂಡೆಯ ಮೈಗೆ ಕಬ್ಬಿಣದ ಸಳಿಗಳನ್ನು ಅಡ್ಡಲಾಗಿ ಹೊಡೆಯಬೇಕಿತ್ತು. ಒಂದೊಂದೂ ಎರಡು ಮೊಳ ಉದ್ದ, ತಲೆಗೆ ಕೆಂಪು ಬಣ್ಣ. ತಲೆ ಮಣ್ಣಿಗೆ ಸಮನಾಗಿ ಕೂರಬೇಕು. ರಾಮಲಿಂಗನೇ ಘನ ಎತ್ತಿ ಹೊಡೆದ. ಅಂಥ ಭಾರದ ಸುತ್ತಿಗೆಗೆ ಅವನ ಮೂರು ಬೆರಳೇ ಸಾಕು. ಹೊಳೆ ದಂಡೆಯನ್ನು ತಿಂದಷ್ಟೂ ಸಳಿ ಹೊರಗೆ ಕಾಣುತ್ತದೆ, ಹೊರಗೆ ಕಂಡಷ್ಟನ್ನು ಅಳೆದರೆ ಎಷ್ಟು ಮಣ್ಣು ಹೋಯಿತೆಂದು ತಿಳಿಯುತ್ತದೆ. ಆ ಸಳಿಯ ವಿದ್ಯೆ ಇಷ್ಟೇ. ಇಷ್ಟನ್ನು ಲುಂಬಿನಿ ಅವನಿಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಅಳತೆಯ ಗುಟ್ಟು ಕಾವಲುಗಾರನಿಗೆ ಗೊತ್ತಾದರೆ ಉಸುಕಿನವರು ಅವನನ್ನು ಹೆದರಿಸಿ ಸಳಿ ಆಚೀಚೆ ಮಾಡಿಸುತ್ತಾರೆ, ಬಾಯಿ ಬಿಡಬೇಡ ಎಂದು ಅವಳ ಪ್ರೊಫೆಸರ್ ರಘೂತ್ತಮ ಎಚ್ಚರಿಸಿ ಕಳಿಸಿದ್ದರು. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು.

"ಯಾರೂ ಎಳೀಬಾರದು ಕಾಕಾ. ಸಳಿ ಅಲುಗಿದ್ರ ನಮ್ಮ ಕೆಲಸ ಮುಗದಂಗ."

ರಾಮಲಿಂಗ ತನಗೆ ತಿಳಿದ ಹಾಗೆ ತಿಳಿದುಕೊಂಡ. ಖಣಿಯಲ್ಲಿ ಹಳಬರು ಕಲ್ಲಿಗೆ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ಈ ಸಳಿಗಳೂ ಹಾಗೇ, ದಂಡೆಯೊಳಗಿನ ಸದ್ದು ಕೇಳಿ ಕಂಪ್ಯೂಟರಿಗೆ ಮುಟ್ಟಿಸುತ್ತವೆ ಅಂದುಕೊಂಡ. ಸಡಿಲಾದ ಸಳಿಗೆ ಏನು ಕೇಳೀತು? ಬಿಗಿಯಾಗಿ ಕೂತಿದ್ದರೆ ದಂಡೆ ಪೊಳ್ಳೆಂದು ಅದು ಹೇಳೇ ಹೇಳುತ್ತದೆ. ಆಗ ಪೊಲೀಸರು ಬರುತ್ತಾರೆ, ಕಪಿಲ ಹೊರಗೆ ಬರುತ್ತಾನೆ.

ಮೊದಲ ದೊಡ್ಡ ಮಳೆ ಚಿಂಚೋಳಿ ಕಡೆ ಆಯಿತು. ಮುಲ್ಲಾಮಾರಿ ಹೊಳೆಯ ನೀರನ್ನೂ ಕಟ್ಟಿಕೊಂಡು ಕಾಗಿಣಾ ದಂಡೆ ತುಂಬ ಹರಿದು ಇಳಿಯಿತು. ರಾಮಲಿಂಗ ಬಾಟಲಿ ತಗೊಂಡು ಹೊಳೆಗೆ ಹೋದ. ಅದೂ ಅವನ ಕೆಲಸವೇ. ಪ್ರತಿ ನೆರೆಗೂ ಬಾಗಿನ ಮೇಲಿನದೊಂದು, ಕೆಳಗಿನದೊಂದು ನೀರು ತುಂಬಿಟ್ಟರೆ ಲುಂಬಿನಿ ಒಯ್ದು ಅದರೊಳಗಿನ ಮಣ್ಣು ತೂಗುತ್ತಿದ್ದಳು. ಹೋಗಿ ನೋಡಿದರೆ ಬಾಗಿನ ನಡುವಿನ ಸಳಿಗಳು ಗೇಣುದ್ದ ಹೊರಗೆ ಚಾಚಿದ್ದವು. ಒಂದಕ್ಕೆ ಯಾರದೋ ಅಂಗಿ ಜೋತುಬಿದ್ದಿತ್ತು, ಇನ್ನೊಂದಕ್ಕೆ ಬುತ್ತಿಯ ಗಂಟು. ಅದರ ಕೆಳಗೇ ಬೀರೇಶನ ಆಳುಗಳು ಉಸುಕು ತುಂಬುತ್ತಿದ್ದರು.

ಅಂಗಿ ತೂಗುಹಾಕಲು ಗೂಟ ಬೇಕಾಯಿತು, ಎಳೆದಿದ್ದಾರೆ. ರಾಮಲಿಂಗನಿಗೆ ಅಲ್ಲಿ ಕಂಡದ್ದು ಇದೇ. ಅಂಗಿಯನ್ನು ರಾಡಿಗೆ ಎಸೆದ, ಬುತ್ತಿಯನ್ನು ದಂಡೆಯ ಮೇಲಿನ ಜಾಲಿ ಗಿಡದ ಕೊಂಬೆಗೆ ಕಟ್ಟಿದ, ಅನ್ನದ ಗಂಟು ಅಂತ. ಮನೆಗೆ ಹೋಗಿ ಘನ ತಂದು ಸಳಿಗಳನ್ನು ಒಂದೊಂದಾಗಿ ಮಣ್ಣಿಗೆ ಸಮ ಬಡಿದ. ಬುತ್ತಿ ಭೀಮಬಾಯಿಯದು, ಉಸುಕು ಜರಡಿ ಹಿಡಿಯುವವಳು. ಮುದುಕನಿಗೆ ಹುಚ್ಚು ಹಿಡಿದದ ಎಂದು ನಕ್ಕಳು. ಕಪಿಲ ನಗಲಿಲ್ಲ. ತಲೆ ಬಗ್ಗಿಸಿ ಸಲಿಕೆ ಆಡಿಸುತ್ತಿದ್ದ.

ಲುಂಬಿನಿಗೆ ಈ ವಿಷಯ ಅವನು ತಿಳಿಸಲಿಲ್ಲ. ತಿಳಿಸಿದರೆ ಕಾವಲಿನಲ್ಲಿ ನಿದ್ದೆ ಹೊಡೆದಿದ್ದಾನೆ ಅಂದುಕೊಂಡಾಳು. ತನ್ನನ್ನು ಬಿಡಿಸಿ ಬೇರೆಯವನನ್ನು ಇಟ್ಟರೆ, ಆ ಬೇರೆಯವನಿಗೆ ಕಪಿಲ ಮಗನಲ್ಲ. ಹಾಗಾಗಿ ಪ್ರತಿ ನೆರೆ ಇಳಿದ ಮೇಲೂ ಅವನು ಘನ ಹೊತ್ತು ಹೋದ. ಪ್ರತಿ ಸಲವೂ ಸಳಿ ಹೊರಗೆ ಬಂದಿರುತ್ತಿತ್ತು, ಪ್ರತಿ ಸಲವೂ ಬಡಿದು ಕೂರಿಸಿದ. ಬಡಿದಾಗ ದಂಡೆಯೊಳಗಿಂದ ಬೊದ್ದಾದ ಸದ್ದು ಬರುತ್ತಿತ್ತು, ಖಾಲಿ ಕೊಡಕ್ಕೆ ಹೊಡೆದ ಹಾಗೆ. ಖಣಿಯಲ್ಲಿ ಆ ಸದ್ದು ಕೇಳಿದ್ದರೆ ಎಲ್ಲರನ್ನೂ ಹೊರಗೆ ಓಡಿಸುತ್ತಿದ್ದ. ಇದು ಮಣ್ಣು, ಮಣ್ಣಿನ ಸದ್ದೇ ಹೀಗೆ ಅಂದುಕೊಂಡ. ದಂಡೆಯ ಮೇಲಿನ ಹೊಲದಲ್ಲಿ ಅಂಚಿಗೆ ಸಮನಾಗಿ ಒಂದು ಬಿರುಕು ಬಿಟ್ಟಿತ್ತು. ಎರೆಭೂಮಿ ಬಿರಿಯುವುದು ಹೊಸದೇ? ಅದನ್ನೂ ದಾಟಿ ನಡೆದ.

ಜುಲೈಯಲ್ಲಿ ಒಂದು ಬೆಳಿಗ್ಗೆ ಅದೇ ಸಳಿಗೆ ಮತ್ತೆ ಅಂಗಿ ಜೋತುಬಿದ್ದಿತ್ತು. ಅಂಗಿಯ ಒಡೆಯ ಟ್ರ್ಯಾಕ್ಟರ್ ಡ್ರೈವರ್ ರಮೇಶಕುಮಾರ. ರಾಮಲಿಂಗ ನೇರ ಅವನ ಮುಂದೆ ಹೋಗಿ ನಿಂತು, ಯಾಕೆ ಎಳೆದೆ ಎಂದು ಕೇಳಿದ.

"ನಾ ಯಾಕ ಎಳೀಲಿ? ಬಂದಾಗೇ ಹೊರಗ ಇತ್ತು, ಅಂಗಿ ಹಾಕೀನಿ" ಅಂದ ರಮೇಶಕುಮಾರ.

"ಕಬ್ಬಿಣಕ್ಕ ಕಾಲು ಮೂಡ್ಯಾವೇನೋ, ತಾನೇ ನಡಕೊಂತ ಹೊರಗ ಬರ್ಲಿಕ್ಕೆ?"

ರಮೇಶಕುಮಾರ ನಕ್ಕು, ನಿನ್ನ ಬೆರಳು ಹ್ಯಾಗೆ ಹೋದವೋ ಹಾಗೇ ಬಂದಿರಬೇಕು ಅಂದ. ರಾಮಲಿಂಗ ಘನ ತಿರುಗಿಸಿ ಹಿಡಿಕೆಯಿಂದ ಅವನ ಹೆಗಲಿಗೆ ಹೊಡೆದ. ಕೊರಳೆಲುಬು ಮುರಿದ ಸದ್ದು ನೀರಿನಾಚೆಗೂ ಕೇಳಿಸಿತು. ಬಿದ್ದವನ ಪಕ್ಕೆಗೆ ಇನ್ನೊಂದು ಹೊಡೆದ. ಮೂರನೆಯದಕ್ಕೆ ಎತ್ತಿದಾಗ ಕಪಿಲ ಹಿಂದಿನಿಂದ ಬಂದು ತಬ್ಬಿ ಹಿಡಿದ. ರಮೇಶಕುಮಾರ ಉಸುಕಿನಲ್ಲಿ ಮುಖ ಹುಗಿದು ನರಳುತ್ತಿದ್ದ. ಅವನು ಹೇಳಿದ್ದು ನಿಜ. ಅಂದು ಆ ಹೊಳೆಯಲ್ಲಿ ನಿಜ ಹೇಳಿದ್ದು ಅವನೊಬ್ಬನೇ.

ಸಂಜೆ ಬೀರೇಶ ಬಂದ. ಹುಡುಗರು ರಾಮಲಿಂಗನನ್ನು ಮನೆಯಿಂದ ಎಳೆದು ತಂದು ಹೊಳೆಯ ಉಸುಕಿನಲ್ಲಿ ಕೆಡವಿದರು. ತುಳಜಾಬಾಯಿ ಅಡ್ಡ ಬಂದಳು. ಒಬ್ಬ ಅವಳ ಹೊಟ್ಟೆಗೆ ಮೊಣಕಾಲು ಕೊಟ್ಟ, ಅಲ್ಲೇ ಕೂತುಬಿಟ್ಟಳು. ಒಬ್ಬ ರಾಮಲಿಂಗನ ಕಾಲು ಹಿಡಿದ, ಇನ್ನೊಬ್ಬ ತಲೆಯ ಮೇಲೆ ಬೂಟು ಇಟ್ಟ, ಮೂರನೆಯವನು ಒದ್ದ. ಎರಡು ಹಲ್ಲು ಉಸುಕಿಗೆ ಬಿದ್ದವು. ಬೀರೇಶ ಸಾಕು ಅಂದ. ಅವನು ಕೂಗಾಡುವ ಮನುಷ್ಯನಲ್ಲ. ಒಂದು ಸಲಿಕೆ ತರಿಸಿ ಕಪಿಲನ ಕೈಗೆ ಕೊಟ್ಟ.

"ಇವರು ಹೊಡದ್ರ ನಿಮ್ಮಪ್ಪ ಸಾಯ್ತಾನ. ನೀ ಹೊಡಿ. ಒಂದೇ ಏಟು, ಬರೋಬ್ಬರಿ. ಇಲ್ಲಂದ್ರ ಉಳದದ್ದು ಇವರು ಮುಗಸ್ತಾರ."

ಕಪಿಲ ಸಲಿಕೆ ಹಿಡಿದು ನಿಂತ. ರಾಮಲಿಂಗ ಬೂಟಿನ ಕೆಳಗಿಂದಲೇ ಮಗನ ಕಡೆ ಒಂದು ಕಣ್ಣು ಹೊರಳಿಸಿ, ಹೊಡಿ ಅಂದ. ಕಪಿಲ ಸಲಿಕೆಯ ಅಗಲ ಮಗ್ಗುಲಿನಿಂದ ಬೆನ್ನಿಗೆ ಹೊಡೆದ. ಕಳ್ಳ ಹೊಡೆತ ಹೊಡೆಯಲಿಲ್ಲ. ಹೊಡೆದಿದ್ದರೆ ಬೀರೇಶನಿಗೆ ಗೊತ್ತಾಗುತ್ತಿತ್ತು. ಪಕ್ಕೆಲುಬು ಬಿರಿಯಿತು, ರಾಮಲಿಂಗ ಉಚ್ಚೆ ಹೊಯ್ದುಕೊಂಡ. ಬೀರೇಶ ಕಪಿಲನ ಬೆನ್ನು ತಟ್ಟಿ ಬೆಳಿಗ್ಗೆ ಬೇಗ ಬಾ ಅಂದ.

ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಒಂದೇ ಮನೆಯಲ್ಲಿ ಒಂದೇ ರೊಟ್ಟಿ ಬುಟ್ಟಿಯಿಂದ ತಿನ್ನುತ್ತಿದ್ದರು. ತುಳಜಾಬಾಯಿ ನಡುವೆ ಕೂತು ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಹೇಳುತ್ತಿದ್ದಳು.

ನಡೆಯಲು ಬಂದ ದಿನವೇ ರಾಮಲಿಂಗ ಪಕ್ಕೆಗೆ ಸೀರೆಯ ಪಟ್ಟಿ ಕಟ್ಟಿಕೊಂಡು ಘನ ಹೊತ್ತು ಹೊಳೆಗೆ ಹೋದ. ಸಳಿಗಳು ಮತ್ತೆ ಹೊರಗೆ ಬಂದಿದ್ದವು. ಒಂದೊಂದು ಹೊಡೆತಕ್ಕೂ ಬಾಯಲ್ಲಿ ರಕ್ತದ ರುಚಿ ಬರುತ್ತಿತ್ತು. ಎಲ್ಲವನ್ನೂ ಕೂರಿಸಿಯೇ ಬಂದ.

ಲುಂಬಿನಿ ಬಂದಾಗ ಅವನ ಮುಖ ಇನ್ನೂ ನೀಲಿಯಾಗಿತ್ತು. ಜಾರಿ ಬಿದ್ದೆ ಅಂದ. ಅವಳು ನಂಬಲಿಲ್ಲ, ಆದರೆ ಒತ್ತಾಯ ಮಾಡಿ ಕೇಳಲೂ ಇಲ್ಲ. ಸಳಿಗಳನ್ನು ನೋಡುತ್ತ ನಡೆದಳು. ಎಲ್ಲವೂ ಮಣ್ಣಿಗೆ ಸಮ. ಹಿಂದಿನ ಸಲವೂ ಹಾಗೇ ಇತ್ತು. ನೆರೆಗೆ ಕೆಸರು ಮೆತ್ತಿ ಕೆಂಪು ಬಣ್ಣ ಕಾಣುತ್ತಿರಲಿಲ್ಲ; ಬೆರಳಿನಿಂದ ತಲೆ ಮುಟ್ಟಿ, ಸಮ ಇದೆ ಎಂದು ಬರೆದುಕೊಂಡು ಮುಂದೆ ಹೋದಳು.

ಅವಳ ಲೆಕ್ಕ ಮಾತ್ರ ಕೂಡಿಬರುತ್ತಿರಲಿಲ್ಲ. ಬಾಟಲಿಯ ನೀರು ಬಾಗು ದಾಟಿದ ಮೇಲೆ ರಾಡಿ ಹೆಚ್ಚಾಗಿದೆ ಅನ್ನುತ್ತಿತ್ತು. ಸಳಿಗಳು ದಂಡೆ ಒಂದು ಬೆರಳೂ ಹೋಗಿಲ್ಲ ಅನ್ನುತ್ತಿದ್ದವು. ಎರಡರಲ್ಲಿ ಒಂದು ಸುಳ್ಳು. ಅವಳು ಕಾಲೇಜಿಗೆ ಹೋಗಿ ಪ್ರೊಫೆಸರ್ ರಘೂತ್ತಮರನ್ನು ಕೇಳಿದಳು. ಅವರು ಕಬ್ಬಿಣ ಸುಳ್ಳು ಹೇಳುವುದಿಲ್ಲ ಅಂದರು. ಕಾವಲುಗಾರ ಟ್ರ್ಯಾಕ್ಟರು ಕಲಕಿದ ಕಡೆ ಬಾಟಲಿ ಅದ್ದಿರುತ್ತಾನೆ, ಕುಡಿದಿರಲೂಬಹುದು, ಮುಖ ನೀಲಿಯಾಗಿದೆ ಅಂತ ನೀನೇ ಹೇಳಿದೆಯಲ್ಲ, ಆ ಬಾಟಲಿಗಳನ್ನು ಬಿಡು. ಅವಳು ಬಿಟ್ಟಳು. ಆಗಸ್ಟಿನಲ್ಲಿ ವರದಿ ಹೋಯಿತು. ಮಾದರಿಯ ಪ್ರಕಾರ ಶಹರದ ರಾಡಿಗೆ ಕಾರಣ ಮೇಲಿನ ಹೊಲಗಳು ಮತ್ತು ಸೇಡಂ ಕಡೆಯ ಇನ್ನೊಂದು ಬಾಗು. ಕಲ್ಲು ಕಟ್ಟುವ ಕೆಲಸ ಆ ಬಾಗಿಗೆ ಹೋಯಿತು. ರಾಮಲಿಂಗನ ಊರ ದಂಡೆ ಗಟ್ಟಿ, ಅಪಾಯವಿಲ್ಲ.

ಅವಳೇ ಬಂದು ಹೇಳಿದಾಗ ರಾಮಲಿಂಗ ಎರಡು ಸಲ ಕೇಳಿಸಿಕೊಂಡ. ಹಾಗಾದರೆ ಪೊಲೀಸರು ಬರುವುದಿಲ್ಲ. ಆದರೆ ಕಂಪ್ಯೂಟರೇ ಗಟ್ಟಿ ಅಂದಿದೆ. ಅಷ್ಟು ಕಷ್ಟಪಟ್ಟು ಬಿಗಿಯಾಗಿಟ್ಟ ಸಳಿಗಳು ಕೇಳಿ ಹೇಳಿದ ಮಾತು. ಇಷ್ಟು ದಿನ ತಾನೇ ಸುಮ್ಮನೆ ಅಂಜಿಕೊಂಡೆನೇನೋ ಅನಿಸಿ, ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದ.

ಸುದ್ದಿ ಬೀರೇಶನಿಗೂ ಮುಟ್ಟಿತು. ಎಂಜಿನಿಯರ್ ಬಾಯಿಯೇ ಗಟ್ಟಿ ಅಂದ ಮೇಲೆ ಇನ್ನೇನು, ಇನ್ನೊಂದು ಮಾರು ಒಳಗೆ ಹೋಗ್ರಿ ಅಂದ. ಹೋದರು. ಒಂದು ಸಂಜೆ ಊಟಕ್ಕೆ ಕೂತಾಗ ಕಪಿಲ, ಮಾತು ಬಿಟ್ಟಮೇಲೆ ಮೊದಲ ಸಲ, ತಾಯಿಯನ್ನು ದಾಟಿ ಅಪ್ಪನಿಗೇ ಹೇಳಿದ.

"ನಿಮ್ಮ ಮೇಡಮ್ಮೇ ಹೇಳ್ಯಾರಲ್ಲಪ್ಪ, ದಂಡಿ ಗಟ್ಟಿ ಅದ ಅಂತ. ಇನ್ನರ ಅಂಜಬ್ಯಾಡ."

ರಾಮಲಿಂಗ ರೊಟ್ಟಿ ಮುರಿದು ಅರ್ಧ ಅವನ ತಾಟಿಗೆ ಹಾಕಿದ. ಹಂಗಾದರ ಹೋಗು ಅಂದ.

ಸೆಪ್ಟೆಂಬರಿನ ಕೊನೆಗೆ ಕಾಗಿಣಾ ಎಲ್ಲರೂ ಹೆದರುವಷ್ಟು ತುಂಬಿತು. ಸೇತುವೆ ಮುಳುಗಿತು, ಸೇಡಂ ಬಸ್ಸು ನಿಂತಿತು. ಆಮೇಲೆ ಒಂದೇ ಸಮನೆ ಇಳಿಯಿತು. ದಂಡೆ ನೀರು ಕುಡಿದು ಭಾರವಾಗಿರುವಾಗ, ಅದನ್ನು ಒತ್ತಿ ಹಿಡಿದ ಹೊಳೆ ಥಟ್ಟನೆ ಕೆಳಗಿಳಿದರೆ ದಂಡೆಗೆ ಆಸರೆ ಇರುವುದಿಲ್ಲ. ದಂಡೆಗಳು ಬೀಳುವುದು ನೆರೆಯಲ್ಲಲ್ಲ, ನೆರೆ ಇಳಿದ ಮೇಲೆ. ಇದು ಲುಂಬಿನಿಗೆ ಗೊತ್ತಿತ್ತು. ಅದಕ್ಕೇ ದಾರಿ ತೆರೆದ ಬೆಳಿಗ್ಗೆಯೇ ಕೊನೆಯ ಅಳತೆಗೆ ಬಂದಿಳಿದಳು. ರಾಮಲಿಂಗ ಆಗಷ್ಟೇ ಘನ ಹೊತ್ತು ಹೊರಟಿದ್ದ. ಅವಳು ಬಂದದ್ದು ನೋಡಿ ಹೆಗಲ ಮೇಲಿನ ಘನ ಇಳಿಸಲೂ ಮರೆತು ಜೊತೆಗೆ ನಡೆದ. ಅಂದು ಅವನಿಗೆ ಬಡಿಯಲು ಪುರಸತ್ತು ಸಿಕ್ಕಿರಲಿಲ್ಲ.

ಬಾಗಿನ ಮೇಲಿನ ತುದಿಯ ಮೊದಲ ಸಳಿಯೇ ಮೊಳಕ್ಕೆ ಹತ್ತಿರ ಹೊರಗೆ ಚಾಚಿ ನಿಂತಿತ್ತು. ನೆರೆ ಅದರ ಕೆಸರು ತೊಳೆದಿತ್ತು. ಲುಂಬಿನಿ ಟೇಪು ಹಿಡಿಯಲು ಬಗ್ಗಿದವಳು ಹಾಗೇ ನಿಂತಳು. ಸಳಿಯ ತಲೆ ಅಣಬೆಯಂತೆ ಅಗಲವಾಗಿ ಚಪ್ಪಟೆಯಾಗಿತ್ತು. ಬಣ್ಣ ಒಂದು ಚೂರೂ ಇರಲಿಲ್ಲ.

"ಕಾಕಾ, ಇದಕ ಯಾರು ಬಡದಾರ?"

"ನಾನೇ ಬಡದೀನ್ರಿ. ಅವರು ಎಳೀತಿದ್ರು, ನಾ ಬಡೀತಿದ್ದೆ" ಅಂದ ರಾಮಲಿಂಗ. ಅವಳ ಮುಖ ನೋಡಿ ತಡೆತಡೆದು ಸೇರಿಸಿದ, "ಪ್ರತಿ ಸಲ ಬರೋಬ್ಬರಿ ಕೂಡಿಸೀನ್ರಿ. ಒಂದೂ ಸಡಿಲ ಬಿಟ್ಟಿಲ್ಲ."

ಅವಳು ತಲೆ ಎತ್ತಿ ಬಾಗಿನ ಕೆಳ ತುದಿಯ ಕಡೆ ನೋಡಿದಳು. ಬೇಸಿಗೆಯಲ್ಲಿ ಅಂಚಿನಿಂದ ದೂರವಿದ್ದ ಜಾಲಿ ಗಿಡ ಈಗ ಅರ್ಧ ಬೇರನ್ನು ಗಾಳಿಯಲ್ಲಿ ಬಿಟ್ಟು ನಿಂತಿತ್ತು.

"ಯಾರೂ ಎಳದಿಲ್ಲ ಕಾಕಾ. ಸಳಿ ಇದ್ದಲ್ಲೇ ಇತ್ತು. ದಂಡಿ ಹಿಂದ ಹೋಗ್ಯದ."

ಖಣಿಯವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬೊದ್ದಾದ ಸದ್ದು, ಹೊಲದ ಬಿರುಕು, ಹಂಗಾದರ ಹೋಗು ಅಂದದ್ದು, ಎಲ್ಲ ಒಟ್ಟಿಗೆ ಬಂದು ಎದೆಗೆ ಹೊಡೆಯಿತು. ಬಾಗಿನ ಕೆಳ ತುದಿಯಲ್ಲಿ, ಒಂದು ಕೂಗಳತೆಯಲ್ಲಿ, ನೆರೆ ತೊಳೆದು ತೆರೆದ ಹೊಸ ಉಸುಕನ್ನು ಬೀರೇಶನ ಆಳುಗಳು ಆಗಲೇ ತುಂಬುತ್ತಿದ್ದರು. ರಾಮಲಿಂಗ ಓಡಿದ. ಕೈಯಲ್ಲಿ ಘನ ಇದೆ ಎಂಬ ಎಚ್ಚರ ಅವನಿಗಿರಲಿಲ್ಲ.

ಎಚ್ಚರ ಅಲ್ಲಿದ್ದವರಿಗಿತ್ತು. ಮುದುಕ ಘನ ಹಿಡಿದು ಬಾಯಿ ತೆರೆದು ಓಡಿ ಬರುತ್ತಿದ್ದಾನೆ. ಹೋದ ಸಲ ಹೀಗೆ ಬಂದಾಗ ಏನಾಯಿತೆಂದು ರಮೇಶಕುಮಾರನ ಹೆಗಲಿಗೆ ನೆನಪಿತ್ತು. ಅವನು ಟ್ರ್ಯಾಕ್ಟರಿನಿಂದ ಜಾಕಿನ ಸಳಿ ಎಳೆದುಕೊಂಡು ಇಳಿದ. ಹೊರಗೆ ಬರ್ರಿ, ಬೀಳ್ತದ ಎಂದು ರಾಮಲಿಂಗ ಕೂಗುತ್ತಿದ್ದ. ಇಷ್ಟು ತಿಂಗಳು ಅವನು ಕೂಗಿದ್ದೆಲ್ಲ ಇಂಥದೇ. ಯಾರೂ ಕದಲಲಿಲ್ಲ. ದಂಡೆಯ ಮೇಲಿನ ಹಾದಿಯಿಂದ ಲುಂಬಿನಿಯೂ ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ಮಾತು ಕೇಳಿಸಲಿಲ್ಲ. ಭೀಮಬಾಯಿ ಜರಡಿ ಇಳಿಸಿ ಸೊಂಟದ ಮೇಲೆ ಕೈ ಇಟ್ಟು, ಬಂದ ನೋಡ್ರಿ ಸಳಿ ಸಾಹೇಬ ಅಂದಳು.

ರಾಮಲಿಂಗ ನೇರ ಚಾಚಿನ ಕೆಳಗೆ ನುಗ್ಗಿ ಮಗನ ಕೂದಲು ಹಿಡಿದು ಎಳೆದ. ಕಪಿಲ ಒದ್ದ. ಇಬ್ಬರೂ ಉಸುಕಿನಲ್ಲಿ ಉರುಳಿದರು. ಮಗನ ಕಿವಿ ಅಪ್ಪನ ಉಗುರಿಗೆ ಸಿಕ್ಕಿ ಹರಿಯಿತು.

"ಎಲ್ಲಾ ನಂದೇ ತಪ್ಪದೋ. ಹೊರಗ ಬಾ."

ಕಪಿಲ ಅವನ ಮುಖ ನೋಡಿದ. ಒಂದು ಗಳಿಗೆ ಕೈ ಸಡಿಲಿಸಿದ. ಮೊಣಕಾಲೂರಿ ಏಳಲು ಹೋದ. ಅಷ್ಟರಲ್ಲಿ ರಮೇಶಕುಮಾರ ಹಿಂದಿನಿಂದ ಬಂದು ಜಾಕಿನ ಸಳಿಯನ್ನು ರಾಮಲಿಂಗನ ತಲೆಗೆ ಬೀಸಿದ. ಚರ್ಮ ಸೀಳಿ ಕಣ್ಣಿಗೆ ರಕ್ತ ಇಳಿಯಿತು. ರಾಮಲಿಂಗ ತೂರಾಡುತ್ತ ಹೊರಗೆ ಬಂದು ಹೊಳೆಯ ನೀರಿಗೆ ಬಿದ್ದ. ಆ ಹೊಡೆತವೇ ಅವನನ್ನು ಉಳಿಸಿತು.

ಹಳೆಯ ಕೌದಿ ಹರಿದಂಥ ಸದ್ದು ಬಂತು, ಉದ್ದಕ್ಕೆ. ಜಾಲಿ ಗಿಡ ನಿಂತ ಹಾಗೇ ಕೆಳಗೆ ಹೊರಟಿತು. ಅದರ ಹಿಂದೆ ಹೊಲದ ಅಂಚು, ಅದರ ಹಿಂದೆ ದಂಡೆಯೇ. ಟ್ರ್ಯಾಕ್ಟರಿನ ಎಂಜಿನ್ ಮಣ್ಣಿನೊಳಗೂ ಎರಡು ಸಲ ಕೆಮ್ಮಿ ನಿಂತಿತು. ಭೀಮಬಾಯಿಯ ಕೂಗು ಅರ್ಧಕ್ಕೇ ಮುಗಿಯಿತು. ಹೊಳೆಯ ಆಚೆ ದಡದ ತನಕ ನೀರು ಕಪ್ಪಾಯಿತು.

ಜೆಸಿಬಿ ಬಂದು ಮಣ್ಣು ಎತ್ತತೊಡಗಿತು. ಮೂರನೆಯ ಸಲ ಬಕೆಟ್ಟು ಮೇಲೆ ಬಂದಾಗ ಅದರ ಹಲ್ಲಿಗೆ ಬಳೆಗಳಿದ್ದ ಒಂದು ತೋಳು ಸಿಕ್ಕಿಕೊಂಡಿತ್ತು. ರಾಮಲಿಂಗ ಅದರ ಮುಂದೆ ಅಡ್ಡ ಬಿದ್ದು ನಿಲ್ಲಿಸಿದ. ತಲೆಯಿಂದ ರಕ್ತ ಸುರಿಯುತ್ತಿರುವಾಗಲೇ ಕೈಯಿಂದ ಕೆದರಿದ, ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಮೂರು. ಲುಂಬಿನಿ ಪಕ್ಕದಲ್ಲಿ ಕೂತು ಕೆದರಿದಳು. ಕಪಿಲ ಮೊಣಕಾಲೂರಿದ ಭಂಗಿಯಲ್ಲೇ ಸಿಕ್ಕ. ಬಾಯಿ ತುಂಬ ಉಸುಕಿತ್ತು. ಅವನ ಬೆನ್ನಿಗೆ ಆತುಕೊಂಡು ರಮೇಶಕುಮಾರ ಇದ್ದ, ಜಾಕಿನ ಸಳಿ ಇನ್ನೂ ಕೈಯಲ್ಲಿತ್ತು.

ಭೀಮಬಾಯಿಯ ಅಣ್ಣತಮ್ಮಂದಿರು ಬೀರೇಶನನ್ನು ಸೇಡಂ ರಸ್ತೆಯಲ್ಲಿ ಹಿಡಿದು, ಕಾರಿನಿಂದ ಎಳೆದು, ಎರಡೂ ಮೊಣಕಾಲನ್ನು ಫರಸಿಕಲ್ಲಿನಿಂದ ಜಜ್ಜಿದರು. ಪೊಲೀಸರು ಬಂದರು, ಅಣ್ಣತಮ್ಮಂದಿರನ್ನು ಒಯ್ದರು, ಅಲ್ಲಿಂದ ಹೊಳೆಗೂ ಬಂದರು. ಹಿಂದೆ ಇದೇ ಪೊಲೀಸರು ದಂಡೆಗೆ ಬರಲಿ ಎಂದು ರಾಮಲಿಂಗ ಕಾದಿದ್ದ. ಅವರ ಮುಂದೆ ಅವನು ಸಳಿಯ ಕತೆಯನ್ನು ತಾನೇ ಹೇಳಿದ, ಊರೆಲ್ಲ ಕೇಳುವ ಹಾಗೆ. ತುಳಜಾಬಾಯಿ ಮಗನ ಬಾಯಿಂದ ಬೆರಳು ಹಾಕಿ ಉಸುಕು ತೆಗೆಯುತ್ತಿದ್ದಳು. ಮುಷ್ಟಿ ತುಂಬಿದ ಮೇಲೆ ಎದ್ದು ಬಂದು ಅದನ್ನು ಗಂಡನ ಮುಖಕ್ಕೆ ಎಸೆದಳು. ಅವನು ಕಣ್ಣು ಒರೆಸಿಕೊಳ್ಳಲಿಲ್ಲ.

ಲುಂಬಿನಿ ಒಂದು ವಾರ ಬಿಟ್ಟು ಮತ್ತೆ ಬಂದಳು. ಯಾವ ನೆರೆಗೆ ಯಾವ ಸಳಿ ಎಷ್ಟು ಹೊರಗೆ ಬಂದಿತ್ತೆಂದು ಕೇಳಿದಳು. ರಾಮಲಿಂಗ ಗೇಣು, ಚೋಟು, ಬೆರಳುಗಳಲ್ಲಿ ತೋರಿಸಿದ. ಅವಳು ಅವನ್ನು ಲೆಕ್ಕಕ್ಕೆ ಹಾಕಿದಳು, ಪ್ರೊಫೆಸರು ಬಿಡಲು ಹೇಳಿದ್ದ ಬಾಟಲಿಗಳನ್ನೂ ಹಾಕಿದಳು. ಎರಡೂ ಕೂಡಿಬಂದವು. ಮಾದರಿ ಆ ಬಾಗನ್ನು ಸರಿಯಾಗಿ ಬೊಟ್ಟು ಮಾಡಿ ತೋರಿಸಿತು. ಆ ಹೊತ್ತಿಗೆ ಅಲ್ಲಿ ದಂಡೆ ಇರಲಿಲ್ಲ.

ಕೆಳಗಿನ ಶಹರದಲ್ಲಿ ಹನ್ನೊಂದು ದಿನ ನಲ್ಲಿ ಬರಲಿಲ್ಲ. ದಂಡೆ ನಲವತ್ತು ಮಾರು ಉದ್ದ, ಐದು ಮಾರು ಅಗಲ ಹೋಯಿತು. ಇಪ್ಪತ್ನಾಲ್ಕು ಸಳಿಗಳಲ್ಲಿ ಹದಿನೇಳು ಸಿಗಲಿಲ್ಲ. ಟ್ರ್ಯಾಕ್ಟರು ಒಂದು. ಜಾಲಿ ಗಿಡ ಒಂದು. ಮಂದಿ ಮೂರು.